ಪ್ರಶ್ನೆ ಕೇಳಿದವಳ ದನಿ

ಹೆಡ್‌ಫೋನಿನ ಸ್ಪಂಜು ಇನ್ನೂ ಬೆಚ್ಚಗಿದೆ, ಯಾರದೋ ಕಿವಿಯ ಬಿಸಿ, ಬೆಳಿಗ್ಗೆಯಿಂದ ಇಲ್ಲಿ ಕೂತಿದ್ದ ಆ ಕೆಂಪು ಗಡ್ಡದವನದೇ ಇರಬೇಕು, ಇರಲಿ, ಬೇರೆಯವರ ಕಿವಿಯ ಬಿಸಿಯಾದರೂ ಬಿಸಿಯೇ, ನೆಬ್ರಾಸ್ಕಾದ ನವೆಂಬರಿನಲ್ಲಿ ಅದನ್ನು ಬೇಡ ಅನ್ನುವವರು ಯಾರು, ಮೋಟೆಲಿನ ಹೀಟರು ಕೆಮ್ಮಿತೇ ಹೊರತು ಕಾವು ಕೊಡಲಿಲ್ಲ — ಟೇಪು ಇನ್ನೂ ಶುರುವಾಗಿಲ್ಲ, ಕಿವಿಯೊಳಗೆ ಬರಿದೇ ಸುಂಯ್ ಅನ್ನುತ್ತಿದೆ, ಗಾಜಿನ ಆಚೆ ಮಾರಿಸೋಲ್ ಎರಡು ಕೈಯಲ್ಲೂ ರೀಲು ಹಿಡಿದು ಯಂತ್ರಕ್ಕೆ ಕೂರಿಸುತ್ತಿದ್ದಾಳೆ, ಆಗತಾನೇ ಹುಟ್ಟಿದ ಕೂಸನ್ನು ಹಿಡಿದ ಹಾಗೆ, ಈ ಲೈಬ್ರರಿಯಲ್ಲಿ ಅವಳೊಬ್ಬಳೇ ನಗುವವಳು, ನಿನ್ನೆ ಬಂದು ಹೇಳಿದಳಲ್ಲ, ಮೇಡಂ, ನಿಮ್ಮ ಟೇಪು ಒಲೆಯಲ್ಲಿದೆ, ನಾಳೆಗೆ ಬೇಯತ್ತೆ, ಅಂತ. ತಮಾಷೆ ಅಂದುಕೊಂಡರೆ ತಮಾಷೆಯಲ್ಲ, ಆ ಕಾಲದ ಟೇಪುಗಳೆಲ್ಲ ಈಗ ಅಂಟುತ್ತವಂತೆ, ಹದವಾದ ಬಿಸಿಯಲ್ಲಿಟ್ಟು ಒಣಗಿಸಿದರೆ ಒಂದು ಸಲ ಓಡುತ್ತದೆ, ಅಷ್ಟರಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಆಮೇಲೆ ಅದರ ಆಯಸ್ಸು ಮುಗಿದ ಹಾಗೆ. ಕೋಟು ಲಾಕರಿನಲ್ಲಿ, ಪೆನ್ನು ಲಾಕರಿನಲ್ಲಿ, ಮೇಜಿನ ಮೇಲೆ ಅವರು ಕೊಟ್ಟ ಮೊಂಡು ಪೆನ್ಸಿಲು, ಹಳದಿ ಹಾಳೆ, ಮತ್ತೆ ಜನೆಲ್‌ಳ ಎರಡು ಕೈ. ಮೊದಲ ದಿನ ಹೆಸರು ಕೇಳಿದಾಗ ಜನೆಲ್ ಕೆಸ್ಲರ್ ಎಂದು ಬರೆದುಕೊಟ್ಟಿದ್ದಳು, ಬಿಟ್ಟುಹೋದ ಗಂಡನ ಹೆಸರು, ಅವನು ಹೋದ, ಹೆಸರು ಉಳಿಯಿತು, ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳು ಕರೆದ ಹೆಸರು ಬಿಡುವುದು ಹೇಗೆ, ಏನು ಹುಡುಕುತ್ತಿದ್ದೀರಿ ಎಂಬಲ್ಲಿ ಹಳ್ಳಿ ಶಾಲೆಯ ಶಿಕ್ಷಕಿಯರು ಮತ್ತು ಮದುವೆಯ ನಿಷೇಧ ಎಂದು ಬರೆದಳು, ಸುಳ್ಳಲ್ಲ, ಮಕ್ಕಳಿಗೆ ಅದೇ ಪಾಠ ಮಾಡಿದವಳು, ನಿವೃತ್ತಿಯಾದ ಮೇಲೆ ಅದರ ಬಗ್ಗೆ ನಾಲ್ಕು ಪುಟ ಬರೆಯಬೇಕೆಂದುಕೊಂಡವಳು, ಆದರೆ ಪೂರ್ತಿ ನಿಜವೂ ಅಲ್ಲ, ಅಮ್ಮನ ದನಿ ಕೇಳಲು ಬಂದಿದ್ದೇನೆ ಎಂದು ಬರೆಯುವಷ್ಟು ಜಾಗ ಅಲ್ಲಿ ಇರಲಿಲ್ಲ.

ಅಮ್ಮನ ದನಿ, ಆರ್ಡಿಸ್ ವಾವ್ರಾ ಎಂಬವಳ ದನಿ, ಕ್ಯಾಟಲಾಗಿನಲ್ಲಿ ಪ್ರತಿ ಟೇಪಿನ ಕೆಳಗೂ ಒಂದೇ ಸಾಲು, ಸಂದರ್ಶಿಸಿದವರು ಆರ್ಡಿಸ್ ವಾವ್ರಾ, ಎಪ್ಪತ್ತಾರರಲ್ಲಿ ದೇಶಕ್ಕೆ ಇನ್ನೂರು ವರ್ಷ ತುಂಬುವ ಮುಂಚೆ ಹಳ್ಳಿ ಶಾಲೆಯ ಮುದಿ ಮಿಸ್ಸುಗಳ ಮಾತನ್ನೆಲ್ಲ ಹಿಡಿದಿಡಬೇಕು ಎಂದು ಈ ಕಾಲೇಜಿನವರಿಗೆ ಜ್ಞಾನೋದಯವಾಗಿ, ಅಮ್ಮನ ಕೈಗೊಂದು ಟೇಪು ರೆಕಾರ್ಡರು ಕೊಟ್ಟು ಕಾರಿಗೆ ಪೆಟ್ರೋಲು ಹಾಕಿಸಿ ಜೋಳದ ಹೊಲಗಳ ನಡುವೆ ಬಿಟ್ಟರು, ಅಮ್ಮ ಹೋದಳು, ಹೋದಳು, ಎರಡು ಬೇಸಿಗೆ ಒಂದು ಚಳಿಗಾಲ ಹೋಗುತ್ತಲೇ ಇದ್ದಳು, ಜನೆಲ್‌ಗೆ ಒಂಬತ್ತು ತುಂಬುವ ಹೊತ್ತಿಗೆ ಹೊಟ್ಟೆಯಲ್ಲಿ ಗಂಟು ಬೆಳೆದು ಎಲ್ಲಿಗೂ ಹೋಗಲಾರದಂತಾಗಿ, ಆಮೇಲೆ ಹೋಗಿಯೇ ಬಿಟ್ಟಳು. ಮುಖ ನೆನಪಿದೆ, ಫೋಟೋ ಇದೆ, ಕೈ ನೆನಪಿದೆ, ದನಿ ಮಾತ್ರ ಇಲ್ಲ. ಊರವರ ದನಿಯನ್ನೆಲ್ಲ ಡಬ್ಬಿಯಲ್ಲಿ ತುಂಬಿಟ್ಟವಳು ಮನೆಯಲ್ಲಿ ಒಂದು ಸಲವಾದರೂ ಆ ಗುಂಡಿ ಒತ್ತಿ ಜನೆಲ್ ಬಾರೇ ಇಲ್ಲಿ ಎಂದಿದ್ದರೆ, ಎಲ್ಲಿಂದ, ಸಾಕಿದ ವಿಲ್ಮಾ ದೊಡ್ಡಮ್ಮ ಹೇಳುತ್ತಿದ್ದಳು, ನಿಮ್ಮಮ್ಮ ಮಾತಾಡೋಕೆ ಹುಟ್ಟಿದೋಳಲ್ಲ ಕಣೇ, ಕೇಳಿಸ್ಕೊಳ್ಳೋಕೆ ಹುಟ್ಟಿದೋಳು, ಊರಿಗೆಲ್ಲ ಕಿವಿ ಕೊಟ್ಟಳು, ಮನೇಲಿ ಒಬ್ಬಳು ಬಾಯಿಬಿಟ್ಟುಕೊಂಡು ಕೂತಿದ್ರೆ ಅದಕ್ಕೆ ಕಿವಿ ಖಾಲಿ ಇರಲಿಲ್ಲ. ಹಾಗೆ ಅನ್ನಬೇಡ ದೊಡ್ಡಮ್ಮ. ಅಂದ್ರೇನೀಗ, ನನ್ನ ತಂಗಿ, ನಾನು ಅಂತೀನಿ. ಮೂರು ವಾರದಿಂದ ಈ ಕುರ್ಚಿಯಲ್ಲಿ ಕೂತು ಟೇಪಿನ ಮೇಲೆ ಟೇಪು ಕೇಳಿದ್ದಾಯಿತು, ಒಬ್ಬ ಮಿಸ್ಸು ಬೆಳಗಿನ ಜಾವ ಜೋಳದ ಬೆಂಡು ಹಾಕಿ ಶಾಲೆಯ ಒಲೆ ಹೊತ್ತಿಸಿದ್ದು, ಇನ್ನೊಬ್ಬಳು ಹಿಮದ ಬಿರುಗಾಳಿಯಲ್ಲಿ ಮಕ್ಕಳನ್ನು ಹಗ್ಗಕ್ಕೆ ಕಟ್ಟಿ ಮನೆ ಮುಟ್ಟಿಸಿದ್ದು, ಮತ್ತೊಬ್ಬಳ ಹಾಸಿಗೆಯಲ್ಲಿ ಹುಡುಗರು ಹಾವು ಬಿಟ್ಟಿದ್ದು, ಎಲ್ಲ ಇದೆ, ಅಮ್ಮ ಮಾತ್ರ ಇಲ್ಲ, ಇದ್ದರೆ ಒಂದು ಹ್ಞೂಂ, ಅದೂ ಎಲ್ಲೋ ಅಪರೂಪಕ್ಕೆ, ಗಂಟಲಲ್ಲೇ. ಅದೇ ಈ ಕೆಲಸದ ರೀತಿಯಂತೆ, ಮಾರಿಸೋಲ್ ವಿವರಿಸಿದಳು, ಒಳ್ಳೇ ಸಂದರ್ಶಕಿ ತಲೆ ಆಡಿಸ್ತಾಳೆ ಮೇಡಂ, ಬಾಯಿ ಬಿಡಲ್ಲ, ಬಾಯಿ ಬಿಟ್ಟರೆ ಟೇಪು ಕೆಟ್ಟುಹೋಗತ್ತೆ, ಈಯಮ್ಮ ಇದಾರಲ್ಲ, ಆರ್ಡಿಸ್, ಇವರಂಥೋರು ಸಿಗಲ್ಲ, ಇವರು ಅಲ್ಲಿದ್ದರು ಅಂತಾನೇ ಗೊತ್ತಾಗಲ್ಲ. ಹೌದಾ, ಅಂದಿದ್ದಳು ಜನೆಲ್, ಹೊಗಳಿದ್ದಕ್ಕೆ ಸಂತೋಷಪಡಬೇಕೋ ಅಳಬೇಕೋ ತಿಳಿಯದೆ, ನಾನು ಅವಳ ಮಗಳು ಅಂತ ಹೇಳುವುದಕ್ಕೆ ನಾಲಿಗೆ ತುದಿಗೆ ಬಂದಿತ್ತು, ಹೇಳಲಿಲ್ಲ, ಹೇಳಿದರೆ ಅಯ್ಯೋ ಪಾಪ ಅನ್ನುತ್ತಾಳೆ, ಪಾಪ ಅನ್ನಿಸಿಕೊಂಡು ಟೇಪು ಕೇಳುವುದು ಬೇಡ.

ಮತ್ತೆ ಆ ಟೇಪುಗಳಲ್ಲೆಲ್ಲ ಬರುವ ಕಟಕ್, ರೆಕಾರ್ಡರು ನಿಲ್ಲಿಸುವ ಗುಂಡಿಯದು. ಅದೊಂದು ಸದ್ದನ್ನು ಎಷ್ಟು ಸಲ ಕೇಳಿದ್ದಾಳೆ ಈಗ. ಮುದುಕಿಯರಲ್ಲವೇ, ತಮ್ಮ ಕಥೆ ಹೇಳಿ ಹೇಳಿ ಒಂದು ಹೊತ್ತಿಗೆ ಎದುರಿಗಿದ್ದವಳ ಕಥೆ ಕೇಳಲೇಬೇಕು, ನೀನು ಯಾರ ಪೈಕಿ ಮಗಾ, ವಾವ್ರಾ ಅಂದ್ರೆ ಬೊಹೀಮಿಯಾದೋರಲ್ವಾ, ಗಂಡ ಏನು ಮಾಡ್ತಾನೆ, ಮಕ್ಕಳೆಷ್ಟಮ್ಮ ನಿನಗೆ — ಕಟಕ್. ಅಷ್ಟೇ. ಅಮ್ಮನ ಬೆರಳು ಗುಂಡಿಯ ಮೇಲೆ. ಮುಂದಿನ ಕ್ಷಣ ಟೇಪಿನಲ್ಲಿ ಮಿಸ್ಸು ಮತ್ತೆ ಒಲೆಯ ವಿಷಯ ಹೇಳುತ್ತಿರುತ್ತಾಳೆ, ನಡುವೆ ಏನಾಯಿತು, ಅಮ್ಮ ಏನೆಂದಳು, ಒಬ್ಬ ಮಗಳಿದ್ದಾಳೆ, ಹೆಸರು ಜನೆಲ್, ಮುಂದಿನ ಹಲ್ಲು ಬಿದ್ದಿದೆ, ತುಂಬ ಮಾತಾಡುತ್ತಾಳೆ, ಅಂದಳೇ, ನಗುತ್ತಾ ಅಂದಳೇ, ಅಲ್ಲಿ ಆ ಅಡಿಗೆಮನೆಯಲ್ಲಿ ಕಾಫಿ ಆರುವವರೆಗೆ ತನ್ನ ವಿಷಯ ನಡೆದಿರಬಹುದು, ಟೇಪಿಗೆ ಬೇಡವಾದ ಮಾತು, ಕಾಲೇಜಿನವರ ಟೇಪು, ಕಾಲೇಜಿನವರ ದುಡ್ಡು, ಅದರಲ್ಲಿ ಮಗಳ ಹಲ್ಲಿನ ವಿಷಯ ತುಂಬಿಸುವವಳಲ್ಲ ಅಮ್ಮ. ಮಧ್ಯಾಹ್ನ ಕಾಲೇಜಿನ ಊಟದ ಮನೆಯಲ್ಲಿ ಚಿಲ್ಲಿ ಸಾರು, ಅದರ ಪಕ್ಕಕ್ಕೆ ದಾಲ್ಚಿನ್ನಿ ಹಾಕಿದ ಸಿಹಿ ಬನ್ನು, ಬೇರೆ ಕಡೆಯವರು ಇದನ್ನು ನೋಡಿ ಮೂಗು ಮುರಿಯುತ್ತಾರೆ, ಖಾರಕ್ಕೆ ಸಿಹಿ ಅದ್ದಿ ತಿನ್ನುವ ಜನ ಅಂತ, ಎದುರಿನ ಕುರ್ಚಿ ಖಾಲಿ, ಒಬ್ಬ ಹುಡುಗಿ ಬಂದು ಇದು ಬೇಕಾ ನಿಮಗೆ ಎಂದು ಆ ಕುರ್ಚಿಯನ್ನೂ ಎತ್ತಿಕೊಂಡು ಹೋದಳು, ಬೇಡಮ್ಮ ತಗೋ ಅಂದಳು ಜನೆಲ್, ಬೆಳಿಗ್ಗೆಯಿಂದ ಅದೇ ಅವಳ ಬಾಯಿಂದ ಬಂದ ಮೊದಲ ಮಾತು, ದನಿ ಗೊಗ್ಗರಾಗಿತ್ತು, ಬಳಸದ ದನಿ ಬಾಗಿಲಿನ ಹಾಗೆ ಬಿಗಿದುಕೊಳ್ಳುತ್ತದೆ. ಬನ್ನನ್ನು ಅರ್ಧ ಮುರಿದು ಇಟ್ಟಳು, ಆ ವಾಸನೆ, ದಾಲ್ಚಿನ್ನಿಯ ವಾಸನೆ ಮತ್ತು ಕಾದ ರಬ್ಬರಿನ ವಾಸನೆ, ಎರಡೂ ಸೇರಿದರೆ ಅಮ್ಮನ ಕಾರು.

ಹಸಿರು ಕಾರು, ಹಿಂದೆ ಉದ್ದಕ್ಕೆ ಜಾಗವಿದ್ದದ್ದು, ವಿಲ್ಮಾ ದೊಡ್ಡಮ್ಮ ಆವತ್ತು ಚರ್ಚಿನಲ್ಲಿ ಯಾರದೋ ತಿಥಿಯೂಟಕ್ಕೆ ಆಲೂಗಡ್ಡೆ ಸುಲಿಯಲು ಹೋಗಿದ್ದಳು, ಬೇರೆ ದಾರಿಯಿಲ್ಲದೆ ಅಮ್ಮ ಇವಳನ್ನೂ ಕರೆದುಕೊಂಡಳು, ಆರು ವರ್ಷ, ತೊಡೆಗೆ ಸೀಟು ಚುರ್ ಅನ್ನುತ್ತಿತ್ತು, ಒಂಟಿ ಬಿಳಿ ಮನೆ, ಅದರ ಮುಂದೊಂದು ಮರ, ನೆರಳಿನಲ್ಲಿ ಕಾರು ನಿಲ್ಲಿಸಿ ಗಾಜು ಇಳಿಸಿ ಅಮ್ಮ ಏನೋ ಹೇಳಿದಳು, ಇಲ್ಲೇ ಕೂತಿರು ಅಂದಿರಬೇಕು, ಬೇಗ ಬರ್ತೀನಿ ಅಂದಿರಬೇಕು, ಹಾರ್ನ್ ಮುಟ್ಟಬೇಡ ಅಂದದ್ದು ಖಂಡಿತ, ಯಾಕೆಂದರೆ ಮುಟ್ಟುವವರೆಗೂ ಅದೊಂದೇ ತಲೆಯಲ್ಲಿತ್ತು, ಬನ್ನು ತಿಂದಾಯಿತು, ಬೆರಳು ನೆಕ್ಕಿದ್ದಾಯಿತು, ನೆರಳು ಮೆಲ್ಲಗೆ ಕಾರು ಬಿಟ್ಟು ಆಚೆ ಹೋಯಿತು, ನೊಣವೊಂದು ಬಂತು, ಅದೂ ಬೇಸರವಾಗಿ ಹೋಯಿತು, ಸುತ್ತ ಎಲ್ಲಿ ನೋಡಿದರೂ ಜೋಳ, ಆಗ ಅಮ್ಮನ ಸೀಟಿಗೆ ಜರುಗಿ ಮಂಡಿಯೂರಿ ಸ್ಟೀರಿಂಗ್ ಚಕ್ರದ ನಡುವೆ ಎರಡು ಅಂಗೈಯನ್ನೂ ಇಟ್ಟು ಒತ್ತಿದ್ದು, ಬಿಸಿ, ಅಂಗೈ ಸುಡುವ ಬಿಸಿ, ಒತ್ತಿದ್ದೇ ತಡ ಅಮ್ಮ ಬಂದಳು. ಅದು ಜನೆಲ್‌ಳ ಆಸ್ತಿ. ಒತ್ತಿದ್ದೇ ತಡ ಬಂದಳು, ಬೈಯಲಿಲ್ಲ, ಒದ್ದೆ ಕರ್ಚೀಫಿನಿಂದ ಮುಖ ಒರೆಸಿದಳು, ಕುತ್ತಿಗೆ ಒರೆಸಿದಳು, ಅಂಗೈ ತಿರುಗಿಸಿ ನೋಡಿ ಅದನ್ನೂ ಒರೆಸಿದಳು, ಗಂಡ ಬಿಟ್ಟುಹೋದ ವರ್ಷ, ಮಗುವೊಂದು ನಿಲ್ಲದೇ ಹೋದ ವರ್ಷ, ವಿಲ್ಮಾ ದೊಡ್ಡಮ್ಮನನ್ನು ಮಣ್ಣು ಮಾಡಿ ಬಂದ ಸಂಜೆ, ಯಾವಾಗ ಎದೆ ಬರಿದು ಅನ್ನಿಸಿತೋ ಆಗೆಲ್ಲ ಅದನ್ನೇ ತೆಗೆದು ನೋಡಿದ್ದಾಳೆ, ನಾನು ಕರೆದೆ, ಅಮ್ಮ ಬಂದಳು. ಗಂಡನಿಗೂ ಹೇಳಿದ್ದಳು ಒಮ್ಮೆ. ಸರಿ, ಆಮೇಲೆ, ಅಂದಿದ್ದ ಅವನು. ಆಮೇಲೇನಿಲ್ಲ, ಅಷ್ಟೇ. ಅಷ್ಟೇನಾ, ಅಂದ.

ಅಗೋ, ಮಾರಿಸೋಲ್ ಹೆಬ್ಬೆರಳೆತ್ತಿದಳು, ರೀಲು ತಿರುಗಿತು, ಸುಂಯ್ ಎಂಬುದು ದಪ್ಪವಾಗಿ ಒಂದು ಕೋಣೆಯಾಯಿತು, ಗೋಡೆ ಗಡಿಯಾರದ ಟಿಕ್ ಟಿಕ್, ಬಸಿಯ ಮೇಲೆ ಕಪ್ಪು ಇಟ್ಟ ಸದ್ದು, ಕೊನೆಯ ಟೇಪು, ಥೋರಾ ನೈಬರ್ಗ್, ಇದರ ಅಚ್ಚಾದ ಮಾತನ್ನು ಜನೆಲ್ ಬಾಯಿಪಾಠ ಹೇಳಬಲ್ಲಳು, ಅಚ್ಚು ಮಾಡುವಾಗ ಕೇಳಿದವಳ ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿದ್ದಾರೆ, ಆಗ ಅದೇ ಪದ್ಧತಿ, ಮಿಸ್ಸುಗಳು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡ ಹಾಗೆ ಕಾಣುತ್ತದೆ, ಅದರಲ್ಲಿ ಥೋರಾಳ ಆ ಪುಟ, ದೇಶದ ಹೆಣ್ಣುಮಕ್ಕಳ ಓದು, ಕೆಲಸ, ಮದುವೆ ಅಂತ ಯಾರೇ ಪುಸ್ತಕ ಬರೆದರೂ ಎತ್ತಿ ಹಾಕಿಕೊಳ್ಳುವ ಪುಟ, ಶುರುವಾಗುವುದೇ ಹಾಗೆ, ಸರಿ, ಹೇಳ್ತೀನಿ, ನಾನು ಮದುವೆ ಆಗಿದ್ದೆ. ಸರಿ, ಹೇಳ್ತೀನಿ. ಪ್ರತಿ ವರ್ಷ ತರಗತಿಯಲ್ಲಿ ಓದಿ ಹೇಳುತ್ತಿದ್ದಳು, ಒಂದು ಸಲ ಕೊನೆಯ ಬೆಂಚಿನ ಹುಡುಗಿ, ಯಾವತ್ತೂ ಬಾಯಿ ಬಿಡದವಳು, ಕೈಯೆತ್ತಿ ಕೇಳಿದಳು, ಮಿಸ್, ಅದಕ್ಕೆ ಮುಂಚೆ ಅವರು ಏನಂತ ಕೇಳಿದ್ರು. ಯಾರು. ಕೇಳಿದವರು. ಅಷ್ಟು ವರ್ಷ ಬಾಯಿಮುಚ್ಕೊಂಡಿದ್ದೋರು ಸರಿ ಹೇಳ್ತೀನಿ ಅನ್ನಬೇಕಾದ್ರೆ ಏನೋ ಕೇಳಿರಬೇಕಲ್ಲ. ಕೇಳಿದವಳು ನನ್ನಮ್ಮ ಕಣೇ ಅನ್ನಬೇಕೆನ್ನಿಸಿತ್ತು ಜನೆಲ್‌ಗೆ, ಹೊಟ್ಟೆಯೊಳಗೆ ಹೆಮ್ಮೆ ಹಾಲಿನ ಹಾಗೆ ಉಕ್ಕಿತ್ತು, ಯಾವ ಮಾತು ಹಾಕಿ ಬೀಗ ತೆಗೆದಳು ಅಮ್ಮ, ಆ ಒಂದು ಮಾತು, ಅದು ಈ ಟೇಪಿನಲ್ಲಿದೆ, ಅಂಟಿಕೊಂಡು ಬೆಂದು ಈಗ ಬಿಡಿಸಿಕೊಳ್ಳುತ್ತಿರುವ ಈ ಟೇಪಿನಲ್ಲಿ, ಬರೀ ಹ್ಞೂಂ ಅಲ್ಲ, ಒಂದು ಪೂರ್ತಿ ಮಾತು, ಅಮ್ಮನದು, ತನಗೆ.

ಥೋರಾಳ ದನಿ ಅಂದುಕೊಂಡದ್ದಕ್ಕಿಂತ ಸಣ್ಣದು, ಒಣಗಿದ್ದು, ಒಂದೊಂದು ಮಾತನ್ನೂ ಕತ್ತರಿಯಿಂದ ಕತ್ತರಿಸಿ ಇಟ್ಟ ಹಾಗೆ, ಶಾಲಾ ಸಮಿತಿ ಅಂದ್ರೆ ಮೂರು ಜನ ರೈತರು ಕಣಮ್ಮ, ಒಬ್ಬನಿಗೆ ಓದೋಕೆ ಬರ್ತಿರಲಿಲ್ಲ, ಒಬ್ಬನಿಗೆ ಕಿವಿ ಕೇಳ್ತಿರಲಿಲ್ಲ, ಮೂರನೆಯೋನು ಅವನ ಹೆಂಡತಿ ಹೇಳಿದ ಹಾಗೆ, ಅವಳ ಮನೇಲೇ ನನ್ನ ಊಟ ವಸತಿ, ನನ್ನ ಕಾಗದ ನನಗಿಂತ ಮುಂಚೆ ಅವಳು ಓದ್ತಿದ್ದಳು, ಕರಾರಿನಲ್ಲಿ ಬರೆದಿತ್ತು, ಮದುವೆಯಾದರೆ ಆವತ್ತೇ ಕೆಲಸ ಹೋಯ್ತು ಅಂತ, ಗಂಡು ಮೇಷ್ಟ್ರಿಗೆ ಹಾಗಿಲ್ಲ, ಅವನಿಗೆ ಮದುವೆಯಾದ್ರೆ ಸಂಬಳ ಜಾಸ್ತಿ, ಹೆಂಡತಿ ಸಾಕಬೇಕಲ್ಲ ಪಾಪ — ಹ್ಞೂಂ, ಅಗೋ, ಅಮ್ಮ, ಎಡಗಿವಿಯಲ್ಲಿ, ಹ್ಞೂಂ ಅಂದದ್ದರಲ್ಲಿ ನಗುವಿತ್ತು, ಇತ್ತಲ್ಲವೇ, ಜನೆಲ್ ಪೆನ್ಸಿಲು ಕೆಳಗಿಟ್ಟಳು, ಇನ್ನು ಸ್ವಲ್ಪವೇ, ಅಚ್ಚಿನ ಪುಟದಲ್ಲಿ ಇದಾದ ಮೇಲೆ ಕಾಗದ ಓದುವ ಹೆಂಗಸಿನ ಬೆಕ್ಕಿನ ವಿಷಯ, ಅದಾದ ಮೇಲೆ ಅದು, ಬೆಕ್ಕು ಬಂತು, ಬೆಕ್ಕು ಹೋಯಿತು, ಗಡಿಯಾರ, ಕಪ್ಪು, ಥೋರಾ ಉಸಿರೆಳೆದುಕೊಂಡಳು, ಇನ್ನೊಂದು ವಿಷಯ ಇದೆ, ಯಾರ ಮುಂದೂ ಹೇಳಿದ್ದಲ್ಲ, ಹೇಳಬೇಕೋ ಬೇಡವೋ — ಆಗ ದೂರದಲ್ಲಿ, ಗೋಡೆಯಾಚೆ, ಅಂಗಳದಾಚೆ, ಕರು ಕೂಗಿದ ಹಾಗೆ ಒಂದು ಸದ್ದು, ನಿಂತಿತು, ಮತ್ತೆ, ಈಗ ಉದ್ದಕ್ಕೆ, ಎರಡು ಅಂಗೈಯೂ ಒತ್ತಿದ್ದು, ಬಿಸಿ, ಜನೆಲ್‌ಳ ಕೈ ಮೇಜಿನ ಮೇಲೆ ತಾನಾಗಿಯೇ ಮಗುಚಿ ಅಂಗೈ ಮೇಲಾಯಿತು, ಅಯ್ಯೋ ಇದು ಆ ಮನೆ, ಇದು ಆ ದಿನ, ಬಿಳಿ ಮನೆಯೊಳಗೆ ಈಗ ತಾನಿದ್ದಾಳೆ, ಹೊರಗೆ ಕಾರಿನಲ್ಲೂ ತಾನೇ, ಅಮ್ಮ, ಈಗ ಏಳುತ್ತಾಳೆ, ಕುರ್ಚಿ ಸರಿದ ಸದ್ದು ಬರುತ್ತದೆ, ಕಟಕ್ ಅನ್ನುತ್ತದೆ, ಒತ್ತಿದ್ದೇ ತಡ ಬಂದಳಲ್ಲ, ಬರಲಿ, ಥೋರಾ ಹೇಳುತ್ತಿದ್ದಾಳೆ, ಹೊರಗೆ ಯಾರೋ ಇದಾರೆ, ನಿನ್ನ ಜೊತೆ ಯಾರಾದ್ರೂ ಬಂದಿದಾರಾ, ಮಗು ಏನಾದ್ರೂ, ಬಂದಿದ್ರೆ ಬೇಡ, ಇದನ್ನ ಇಲ್ಲಿಗೆ ಬಿಡೋಣ. ಗಡಿಯಾರ. ಹಾರ್ನ್. ಗುಂಡಿಯ ಸದ್ದಿಲ್ಲ. ಕುರ್ಚಿ ಸರಿಯಲಿಲ್ಲ. ಆಮೇಲೆ ಒಂದು ಹೆಣ್ಣುದನಿ, ಹತ್ತಿರ, ತೀರಾ ಹತ್ತಿರ, ಮೆತ್ತಗೆ, ತುಸು ತಗ್ಗಿನಲ್ಲಿ, ಯಾರೂ ಇಲ್ಲ, ನೀವು ಹೇಳಿ. ಗಡಿಯಾರ. ಸರಿ, ಹೇಳ್ತೀನಿ, ಅಂದಳು ಥೋರಾ.

ಯಾರೂ ಇಲ್ಲ, ನೀವು ಹೇಳಿ — ಇಷ್ಟೇ, ಇದೇ ಆ ಪ್ರಶ್ನೆ, ಪ್ರಶ್ನೆಯೇ ಅಲ್ಲ, ಎಂಥ ಚಂದದ ದನಿ, ಇಂಥ ದನಿಯೆಂದು ಅವಳಿಗೆ ಗೊತ್ತೇ ಇರಲಿಲ್ಲ, ಇಲ್ಲ ಅನ್ನುವಲ್ಲಿ ಲ ತುಸು ಎಳೆದಿತ್ತು, ವಿಲ್ಮಾ ದೊಡ್ಡಮ್ಮನೂ ಹಾಗೇ ಎಳೆಯುತ್ತಿದ್ದಳು, ಇದನ್ನೇ ಕೇಳಬೇಕೆಂದು ಬಂದದ್ದಲ್ಲವೇ, ಕೇಳಿಸಿತಲ್ಲ, ಇನ್ನೇನು ಬೇಕು, ಅಮ್ಮ ಈ ಲೋಕದಲ್ಲಿ ಬಿಟ್ಟುಹೋದ ಅತಿ ಉದ್ದದ ಮಾತು, ಕೇಳು, ಥೋರಾ ಹೇಳುತ್ತಿದ್ದಾಳೆ, ನಾನು ಮದುವೆ ಆಗಿದ್ದೆ, ಆಚೆ ಜಿಲ್ಲೆಗೆ ಹೋಗಿ ಆಗಿದ್ದು, ನಾಲ್ಕು ಚಳಿಗಾಲ ಯಾರಿಗೂ ಗೊತ್ತಿಲ್ಲ, ಅವರು ಧಾನ್ಯದ ಉಗ್ರಾಣದಲ್ಲಿ ಕೆಲಸಕ್ಕಿದ್ದರು, ಶನಿವಾರ ಬರೋರು, ಊರವರಿಗೆ ನನ್ನ ಚಿಕ್ಕಪ್ಪನ ಮಗ ಅಂತ ಹೇಳಿದ್ದೆ, ಕೈ ಹಿಡ್ಕೊಂಡು ರಸ್ತೇಲಿ ನಡೆದೋರಲ್ಲ ನಾವು — ಹಾರ್ನ್, ಈಗ ಸಣ್ಣದಾಗಿ, ಕೈ ಸೋತಿದೆ, ಅಮ್ಮಾ ನೆರಳು ಹೋಯ್ತು, ನೀರಡಿಕೆ — ಒಂದಿನ ಕಣಜದಲ್ಲಿ ಜೋಳ ಕುಸಿದು ಅದರೊಳಗೆ ಉಸಿರುಕಟ್ಟಿ ಹೋಗಿಬಿಟ್ಟರು, ನನಗೆ ಹೇಳಿದ್ದು ಯಾರು ಅಂತೀಯ, ಮೂರನೇ ತರಗತಿ ಹುಡುಗ, ಮಿಸ್, ಉಗ್ರಾಣದಲ್ಲಿ ಒಬ್ಬ ಸತ್ತನಂತೆ ಅಂದ, ಹೆಸರು ಹೇಳಿದ, ಆವತ್ತು ಭಾಗಾಕಾರ ಇತ್ತು, ಮಾಡಿಸಿದೆ. ಮಣ್ಣಿಗೆ ಹೋಗಲಿಲ್ಲ. ಕಪ್ಪು ಬಟ್ಟೆ ಹಾಕಲಿಲ್ಲ. ಪತ್ರಿಕೇಲಿ ಬರೆದಿದ್ದರು, ಸತ್ತವನಿಗೆ ಹೆಂಡತಿ ಮಕ್ಕಳು ಯಾರೂ ಇಲ್ಲ ಅಂತ. ಆ ಹೆಂಗಸಿನ ಮನೇಲಿ ಕೂತು ಊಟ ಮಾಡ್ತಾ ಓದಿದೆ, ಉಪ್ಪು ಕೊಡಿ ಅಂದೆ — ಈ ಸಾಲನ್ನು ಜನೆಲ್ ಎಷ್ಟು ಸಲ ತರಗತಿಯಲ್ಲಿ ಓದಿದ್ದಾಳೆ, ಓದಿ ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದಳು, ಈ ಮಾತು ಹುಟ್ಟಿದ ಹೊತ್ತಿಗೆ ತಾನು ಗೋಡೆಯಾಚೆ ಹತ್ತು ಮಾರಿನಲ್ಲಿದ್ದೆ ಎಂದು ಗೊತ್ತಿಲ್ಲದೆ. ಅಮ್ಮ ಎದ್ದಿದ್ದರೆ ಇದು ಇರುತ್ತಿರಲಿಲ್ಲ, ಥೋರಾ ಬಾಯಿ ಮುಚ್ಚಿಕೊಂಡು ಸಾಯುತ್ತಿದ್ದಳು, ಯಾವ ಪುಸ್ತಕದಲ್ಲೂ ಯಾವ ಹುಡುಗಿಗೂ ಇದು ಸಿಗುತ್ತಿರಲಿಲ್ಲ, ಅಮ್ಮ ಮಾಡಿದ್ದು ಸರಿ, ಇತಿಹಾಸದ ಮಿಸ್ ಜನೆಲ್ ಕೆಸ್ಲರ್ ಹೇಳುತ್ತಾಳೆ, ಸರಿ, ಸರಿ ಅಲ್ಲದೆ ಇನ್ನೇನು, ಅರ್ಧ ಗಂಟೆ ಕಾರಿನಲ್ಲಿ ಕೂತ ಮಗು ಸತ್ತುಹೋಗುತ್ತದೆಯೇ, ಆಗೆಲ್ಲ ಎಲ್ಲರ ಮಕ್ಕಳೂ ಕಾರಿನಲ್ಲೇ ಕೂರುತ್ತಿದ್ದವು. ಆದರೆ ಬರಲಿಲ್ಲ. ಟೇಪು ಓಡುತ್ತಲೇ ಇದೆ, ಬರಲಿಲ್ಲ. ಒತ್ತಿದ್ದೇ ತಡ ಅನ್ನುವುದು ಎಲ್ಲಿಂದ ಬಂತು, ಯಾರು ಹೊಲಿದುಕೊಟ್ಟರು ಆ ಎರಡು ತುದಿಯನ್ನು, ನಡುವಿನ ಇಷ್ಟೊಂದು ಹೊತ್ತನ್ನು ಕತ್ತರಿಸಿ, ತಾನೇ, ಕಟಕ್, ತಾಯಿಯಂತೆ ಮಗಳು, ನೂಲಿನಂತೆ ಸೀರೆ, ತಾನೂ ಬೇಡದ್ದನ್ನು ತೆಗೆದುಹಾಕಿ ಚೊಕ್ಕ ಮಾಡಿಟ್ಟುಕೊಂಡಳು, ಹಾರ್ನ್ ಮತ್ತು ಕರ್ಚೀಫು, ಬೇರೇನಿಲ್ಲ. ಥೋರಾ ಅಳುತ್ತಿದ್ದಾಳೋ ಏನೋ, ಅಮ್ಮನ ಬಳೆಯೋ ಗಡಿಯಾರವೋ ಮೇಜಿಗೆ ತಾಗಿತು, ಅಮ್ಮ ಅವಳ ಕೈ ಹಿಡಿದುಕೊಂಡಿರಬೇಕು, ಹೌದು, ಹಿಡಿದುಕೊಂಡಿದ್ದಾಳೆ, ಬಟ್ಟೆಯ ಸರಬರ ಕೇಳಿಸಿತು, ಆ ಹೊತ್ತಿಗೆ, ಅವಳ ಕೈಯನ್ನು, ಮಗಳದನ್ನಲ್ಲ. ಹೊರಗೆ ಹಾರ್ನ್ ಒಂದು ಸಲ ತೀರಾ ಚಿಕ್ಕದಾಗಿ ಕುಂಯ್ ಅಂದು ನಿಂತುಹೋಯಿತು. ಆಮೇಲೆ ಇಲ್ಲ. ಬರೀ ಗಡಿಯಾರ, ಮತ್ತೆ ಹಳೆ ವಿಷಯ, ಹೊಸ ಶಾಲೆ, ನಿವೃತ್ತಿ, ಸಾಕಲ್ಲಮ್ಮ ಇಷ್ಟು, ಸಾಕು — ಕಟಕ್.

ಸುಂಯ್. ಹೆಡ್‌ಫೋನು ತೆಗೆಯಬೇಕು, ಸ್ಪಂಜು ಈಗ ತನ್ನದೇ ಬಿಸಿಯಿಂದ ಬೆಚ್ಚಗಿದೆ, ಮಾರಿಸೋಲ್ ಬಾಗಿಲಲ್ಲಿ ನಿಂತಿದ್ದಾಳೆ, ತುಟಿ ಅಲ್ಲಾಡುತ್ತಿದೆ, ತೆಗೆದಳು, ಏನಂದ್ರಿ. ಚೆನ್ನಾಗಿ ಬೆಂದಿತ್ತು ಮೇಡಂ, ಒಂದ್ಸಲಾನೂ ಅಂಟಲಿಲ್ಲ, ಅಂದೆ, ಇಳಿದಾಯ್ತು, ಇನ್ನು ಎಷ್ಟು ಸಲ ಬೇಕಾದ್ರೂ ಕೇಳಬಹುದು ನೀವು, ಅಬ್ಬಾ ಆ ಭಾಗಾಕಾರದ ಜಾಗ, ಎಷ್ಟು ಸಲ ಓದಿದೀನಿ, ಕೇಳಿದ್ರೆ ಬೇರೇನೇ ಅಲ್ವಾ, ಮೈ ಜುಂ ಅಂತು. ಹೌದು. ಆರ್ಡಿಸ್ ಬಾಯಿಬಿಟ್ಟರು ನೋಡಿ ಕೊನೆಗೂ, ನಿಮಗೆ ಬೇಕಿತ್ತಲ್ಲ ಅದು, ಏನು ಕೇಳಿದ್ರು ಅಂತ. ಹ್ಞೂಂ, ಅಂದಳು ಜನೆಲ್, ಗಂಟಲಲ್ಲೇ. ಮಾರಿಸೋಲ್ ಕೈಯಲ್ಲಿದ್ದ ಹಾಳೆಗೆ ಪೆನ್ಸಿಲು ಹಚ್ಚಿದಳು, ಕ್ಯಾಟಲಾಗಿಗೆ ವಿವರ ಹಾಕಬೇಕು, ದನಿಗಳು ಎರಡು, ಹೇಳಿದವರು ಥೋರಾ ನೈಬರ್ಗ್, ಕೇಳಿದವರು ಆರ್ಡಿಸ್ ವಾವ್ರಾ, ನಡುವೆ ಹೊರಗಡೆ ಯಾವುದೋ ಕಾರಿನ ಹಾರ್ನ್ ಇದೆಯಲ್ಲ, ಕೇಳೋರಿಗೆ ಕಿರಿಕಿರಿ, ಮೂಲ ಹಾಗೇ ಇರತ್ತೆ, ಕೇಳೋಕೆ ಕೊಡೋ ಪ್ರತಿಯಲ್ಲಿ ಅದನ್ನ ಒರೆಸಿ ತೆಗೆದುಬಿಡಬಹುದು, ಈಗ ಅದೆಲ್ಲ ಸುಲಭ, ಮತ್ತೆ ಬೇರೆ ಯಾರಾದ್ರೂ ಇದ್ದ ಹಾಗೆ ಕೇಳಿಸ್ತಾ ನಿಮಗೆ, ಯಾರೂ ಇಲ್ಲ ತಾನೇ. ನಾನಿದ್ದೆ ಎಂದರೆ ಸಾಕು, ಪೆನ್ಸಿಲು ಬರೆದುಕೊಳ್ಳುತ್ತದೆ, ಎರಡರ ಕೆಳಗೆ ಮೂರನೆಯದು, ಸಂದರ್ಶಕಿಯ ಮಗಳು, ಆಮೇಲೆ ಕೇಳುವವರೆಲ್ಲ ಕೇಳುತ್ತಾರೆ, ಮಗಳನ್ನು ಬಿಸಿಲಲ್ಲಿಟ್ಟು ಮುದುಕಿಗೆ ಸುಳ್ಳು ಹೇಳಿ ತೆಗೆದ ಮಾತಂತೆ ಇದು, ಥೋರಾಳನ್ನು ಬಿಟ್ಟು ಅಮ್ಮನನ್ನು ನೋಡುತ್ತಾರೆ, ಅಲ್ಲಿದ್ದಳೆಂದೇ ಗೊತ್ತಾಗದವಳನ್ನು, ಬೇಡ, ಯಾರೂ ಇಲ್ಲ, ಅಂದಳು ಜನೆಲ್, ಮೆತ್ತಗೆ, ತುಸು ತಗ್ಗಿನಲ್ಲಿ, ಲ ಎಳೆದುಕೊಂಡಿತು, ಯಾರದೋ ದನಿ ತನ್ನ ಬಾಯಲ್ಲಿ. ಸರಿ ಹಾಗಾದ್ರೆ, ಎಂದು ತಿರುಗಿದಳು ಮಾರಿಸೋಲ್. ಹಾರ್ನ್ ಮಾತ್ರ ತೆಗೀಬೇಡಮ್ಮ. ಯಾಕೆ ಮೇಡಂ. ಇರಲಿ, ಅದು ಇರಲಿ. ಹೊರಗೆ ಕತ್ತಲಾಗುವ ಮುಂಚಿನ ಬೂದು ಬೆಳಕು, ಮೋಟೆಲು, ಅರ್ಧ ಬನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿನಲ್ಲಿದೆ, ಹೊರಡಬೇಕು, ಏಳಬೇಕು, ಕೈ ಮೇಜಿನ ಮೇಲೆ ಮತ್ತೆ ಮಗುಚಿಕೊಂಡಿವೆ, ಎರಡು ಅಂಗೈ, ಕರ್ಚೀಫು ಇನ್ನೂ ಬಂದಿಲ್ಲ, ಬಿಳಿ ಮನೆಯ ಬಾಗಿಲು ಮುಚ್ಚಿದೆ, ಬಿಸಿ ಚಕ್ರ, ಎರಡು ಅಂಗೈ, ಒತ್ತು, ಬಾಗಿಲು, ಮತ್ತೆ ಒತ್ತು, ಎರಡು ಅಂಗೈ —